ಸತ್ತವರು ಯಾರ ಕಡೆಯವರು?

1971ರ ಬೇಸಿಗೆಯ ಒಂದು ನಸುಕು. ಮೂರು ಗಂಟೆಯ ಹೊತ್ತಿಗೆ ಕರಾಚಿಯ ಮನೆಯೊಂದಕ್ಕೆ ಲಂಡನ್ನಿನಿಂದ ತಂತಿ ಬಂತು. ಆನ್‌ಳ ಆಪರೇಷನ್ ಯಶಸ್ವಿಯಾಯಿತು ಎಂಬುದಷ್ಟೇ ಅದರಲ್ಲಿದ್ದ ಸುದ್ದಿ. ಅದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದ ಗುಟ್ಟಿನ ಗುರುತು. ತಂತಿ ಓದಿದ ಹೆಂಡತಿ ಐದು ಮಕ್ಕಳನ್ನು ಕಟ್ಟಿಕೊಂಡು ಊರು ಬಿಡುವ ತಯಾರಿಗೆ ನಿಂತರು. ತಲೆಗೊಂದೇ ಸೂಟ್‌ಕೇಸ್, ಉಳಿದ ಬದುಕೆಲ್ಲ ಹಾಗೇ ಬಿಟ್ಟು ಹೋಗಬೇಕು. ಸಾವಿನ ಮನೆಯ ಹಾಗೆ ಎಲ್ಲರೂ ಅಳುತ್ತಿದ್ದೆವು ಎಂದು ಅವರು ಎಷ್ಟೋ ವರ್ಷಗಳ ನಂತರ ನೆನೆದರು.

ತಂತಿ ಕಳಿಸಿದವರು ಆಂಥೊನಿ ಮಸ್ಕರೇನಸ್. ಕರಾಚಿಯ ಮಾರ್ನಿಂಗ್ ನ್ಯೂಸ್ ಪತ್ರಿಕೆಯ ಸಹಾಯಕ ಸಂಪಾದಕ. ಹುಟ್ಟಿದ್ದು 1928ರಲ್ಲಿ, ನಮ್ಮ ಬೆಳಗಾವಿಯಲ್ಲಿ, ಗೋವಾ ಮೂಲದ ಕ್ರೈಸ್ತ ಕುಟುಂಬದಲ್ಲಿ. ಓದು, ಉದ್ಯೋಗ, ಸಂಸಾರ ಎಲ್ಲ ಕರಾಚಿಯಲ್ಲೇ ಬೇರುಬಿಟ್ಟಿದ್ದವು. ಪಾಕಿಸ್ತಾನವೇ ಅವರ ದೇಶ.

ಆ ವರ್ಷದ ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಢಾಕಾದಲ್ಲಿ ಕಾರ್ಯಾಚರಣೆಗೆ ಇಳಿದಿತ್ತು. ವಿದೇಶಿ ಪತ್ರಕರ್ತರನ್ನು ಹೊರಗಟ್ಟಲಾಗಿತ್ತು. ಏಪ್ರಿಲ್‌ನಲ್ಲಿ ಸೇನೆಯೇ ಎಂಟು ಪಾಕಿಸ್ತಾನಿ ಪತ್ರಕರ್ತರನ್ನು ಆರಿಸಿ, ಎಲ್ಲವೂ ಸರಿಹೋಗಿದೆ ಎಂದು ಬರೆಸಲು ಪೂರ್ವ ಬಂಗಾಳಕ್ಕೆ ಕರೆದೊಯ್ದಿತು. ಹಿಂತಿರುಗಿದ ಮೇಲೆ ಏಳು ಮಂದಿ ಹೇಳಿಸಿಕೊಂಡದ್ದನ್ನು ಬರೆದರು. ಮಸ್ಕರೇನಸ್ ಬರೆಯಲಿಲ್ಲ. ಕೊಮಿಲ್ಲಾದಲ್ಲಿ ಬೀಡುಬಿಟ್ಟಿದ್ದ ಒಂಬತ್ತನೇ ಡಿವಿಜನ್ನಿನ ಅಧಿಕಾರಿಗಳ ಜೊತೆ ಆರು ದಿನ ಓಡಾಡಿ, ಅವರ ಊಟದ ಮೇಜಿನ ಮಾತುಗಳನ್ನೂ ಕೇಳಿಸಿಕೊಂಡು ಬಂದಿದ್ದ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇದನ್ನು ಬರೆಯದಿದ್ದರೆ ಇನ್ನು ಜನ್ಮದಲ್ಲಿ ಒಂದಕ್ಷರ ಬರೆಯಲಾರೆ ಎಂದು ಹೆಂಡತಿಗೆ ಹೇಳಿದರು. ತಂಗಿಗೆ ಕಾಯಿಲೆ ಎಂಬ ನೆಪ ಹೇಳಿ ಲಂಡನ್ನಿಗೆ ಹೋಗಿ ಸಂಡೇ ಟೈಮ್ಸ್‌ನ ಸಂಪಾದಕ ಹೆರಾಲ್ಡ್ ಇವಾನ್ಸ್‌ರನ್ನು ಕಂಡರು. ಅನುಮಾನ ಬಾರದಿರಲೆಂದು ಮತ್ತೆ ಕರಾಚಿಗೆ ಬಂದರು. ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸಿ, ತಾವು ನೆಲದ ದಾರಿಯಲ್ಲಿ ಅಫ್ಘಾನಿಸ್ತಾನದ ಗಡಿ ದಾಟಿ ತಪ್ಪಿಸಿಕೊಂಡರು.

ಜೂನ್ 13ರ ಭಾನುವಾರ ವರದಿ ಪ್ರಕಟವಾಯಿತು. ಶೀರ್ಷಿಕೆ ಒಂದೇ ಪದ: ನರಮೇಧ. ಪಹರೆಯವರ ಕಣ್ಣಿಗೆ ಬಿದ್ದು ಓಡಿದ್ದೇ ತಪ್ಪಾಗಿ, ಸೈನಿಕರ ನಡುವೆ ಗಡಗಡ ನಡುಗುತ್ತ ನಿಂತ ಇಪ್ಪತ್ನಾಲ್ಕರ ಬಡಕಲು ಯುವಕನೊಬ್ಬನಿಂದ ಅದು ಶುರುವಾಗುತ್ತದೆ. ಅಂಕಿಸಂಖ್ಯೆಗಳು ಆಮೇಲೆ ಬರುತ್ತವೆ. ಮೊದಲು ಒಬ್ಬ ಮನುಷ್ಯನ ನಡುಕ. ತಾವು ಕಂಡ ಕೊಲೆಗಳು, ಹಿಂದೂಗಳನ್ನು ಹುಡುಕಿ ಹುಡುಕಿ ಹೊಡೆದ ರೀತಿ, ಅಧಿಕಾರಿಗಳು ಅದನ್ನು ದಿನದ ಕೆಲಸದಂತೆ ಮಾತಾಡಿಕೊಳ್ಳುತ್ತಿದ್ದ ಬಗೆ, ಎಲ್ಲವನ್ನೂ ಅವರು ಹೆಸರು, ಜಾಗಗಳ ಸಮೇತ ಬರೆದರು.

ಭಾರತದಲ್ಲಿ ಈ ವರದಿಗೆ ಸಿಕ್ಕ ಮನ್ನಣೆ ದೊಡ್ಡದು. ಅದನ್ನು ಓದಿ ಮನಸ್ಸು ಕಲಕಿತು, ಯುರೋಪಿನ ರಾಜಧಾನಿಗಳಲ್ಲಿ ಮತ್ತು ಮಾಸ್ಕೋದಲ್ಲಿ ಬೆಂಬಲ ಕೇಳಲು ಅದೇ ಪ್ರೇರಣೆಯಾಯಿತು ಎಂದು ಇಂದಿರಾ ಗಾಂಧಿಯವರು ಇವಾನ್ಸ್‌ಗೆ ಹೇಳಿದ್ದರು. ಪಾಕಿಸ್ತಾನದಲ್ಲಿ ಅದೇ ಬರಹಕ್ಕೆ ದೇಶದ್ರೋಹದ ಪಟ್ಟ; ಬರೆದವನು ಶತ್ರುವಿನ ಏಜೆಂಟ್. ಎರಡು ದೇಶಗಳೂ ಓದಿದ್ದು ಒಂದೇ ವರದಿಯನ್ನು. ಆದರೆ ಆ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸೇನೆ ಇಳಿಯುವ ಮೊದಲೂ ನಂತರವೂ ಬಂಗಾಳಿ ಗುಂಪುಗಳು ಬಿಹಾರದಿಂದ ವಲಸೆ ಬಂದಿದ್ದ ಉರ್ದು ಮಾತಾಡುವ ಮುಸ್ಲಿಮರನ್ನು, ಹೆಂಗಸರು ಮಕ್ಕಳೆನ್ನದೆ ಕೊಂದದ್ದನ್ನು ಮಸ್ಕರೇನಸ್ ಮರೆಮಾಚದೆ ಹೇಳಿದ್ದರು. ಆ ಭಾಗ ಭಾರತದಲ್ಲಿ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಯುದ್ಧಕಾಲದ ಕ್ರೌರ್ಯ ಬಯಲಾದಾಗ ಜನ ಮೊದಲು ಕೇಳುವುದು ‘ನಡೆದದ್ದು ನಿಜವೇ’ ಎಂದಲ್ಲ, ‘ಇದರಿಂದ ಯಾರಿಗೆ ಲಾಭ’ ಎಂದು. ಉತ್ತರ ತಮ್ಮ ಕಡೆಗೆ ಅನುಕೂಲವಾಗಿದ್ದರೆ ವರದಿಗಾರ ಸತ್ಯವಂತ, ಪ್ರತಿಕೂಲವಾಗಿದ್ದರೆ ದ್ರೋಹಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಈ ರೋಗ ಯಾವ ಒಂದು ದೇಶದ್ದೂ ಅಲ್ಲ, ಎಡದ್ದೂ ಅಲ್ಲ, ಬಲದ್ದೂ ಅಲ್ಲ. ಅದೇ 1971ರ ಏಪ್ರಿಲ್‌ನ ಮೊದಲ ವಾರ ವಾಷಿಂಗ್ಟನ್ನಿನಲ್ಲಿ ನಡೆದದ್ದನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ಏಪ್ರಿಲ್ 6ರಂದು ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ತಮ್ಮ ಸರ್ಕಾರಕ್ಕೆ ಒಂದು ತಂತಿ ಕಳಿಸಿದರು. ಕಣ್ಣೆದುರು ನಡೆಯುತ್ತಿರುವ ಹತ್ಯಾಕಾಂಡವನ್ನು ಖಂಡಿಸದ ಅಮೆರಿಕ ನೈತಿಕವಾಗಿ ದಿವಾಳಿಯಾಗಿದೆ ಎಂದು ಇಪ್ಪತ್ತು ಮಂದಿ ಅಧಿಕಾರಿಗಳು ಸಹಿ ಹಾಕಿ ಹೇಳಿದ್ದ ಭಿನ್ನಮತ ಅದು. ಅಧ್ಯಕ್ಷ ನಿಕ್ಸನ್ ಮತ್ತು ಅವರ ಸಲಹೆಗಾರ ಕಿಸಿಂಜರ್ ಆಗ ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್ ಮೂಲಕ ಚೀನಾದ ಬಾಗಿಲು ತಟ್ಟುತ್ತಿದ್ದರು. ತಂತಿ ಮೂಲೆ ಸೇರಿತು. ಬ್ಲಡ್‌ರನ್ನು ಢಾಕಾದಿಂದ ಎತ್ತಿ ವಾಷಿಂಗ್ಟನ್ನಿನ ಕಚೇರಿಯೊಂದರಲ್ಲಿ ಕೂರಿಸಲಾಯಿತು. ಬ್ಲಡ್ ತಂತಿಗೆ ಐದು ದಿನ ಮುಂಚೆ, ಏಪ್ರಿಲ್ 1ರಂದು, ಇದೇ ನಿಕ್ಸನ್ ಇನ್ನೊಂದು ಆದೇಶ ಹೊರಡಿಸಿದ್ದರು. 22 ವಿಯೆಟ್ನಾಮಿ ನಾಗರಿಕರ ಕೊಲೆಗಾಗಿ ಹಿಂದಿನ ದಿನವಷ್ಟೇ ಜೀವಾವಧಿ ಶಿಕ್ಷೆಗೊಳಗಾಗಿದ್ದ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯನ್ನು ಸೇನಾ ಜೈಲಿನಿಂದ ಬಿಡಿಸಿ, ಅವನ ಮನೆಯಲ್ಲೇ ಇರಿಸಲು ಹೇಳಿದ ಆದೇಶ ಅದು.

ಕ್ಯಾಲಿ ಮಾಡಿದ್ದೇನು? 1968ರ ಮಾರ್ಚ್ 16ರ ಬೆಳಿಗ್ಗೆ ವಿಯೆಟ್ನಾಂನ ಕ್ವಾಂಗ್ ನ್ಗಾಯ್ ಪ್ರಾಂತ್ಯದ ಮಿ ಲಾಯ್ ಹಳ್ಳಿಗೆ ಅಮೆರಿಕನ್ ಸೈನಿಕರ ಒಂದು ಕಂಪನಿ ನುಗ್ಗಿತು. ಶತ್ರು ಯೋಧರು ಅಲ್ಲಿರಲಿಲ್ಲ. ಇದ್ದವರು ಮುದುಕರು, ಹೆಂಗಸರು, ಮಕ್ಕಳು. ಕೆಲವೇ ಗಂಟೆಗಳಲ್ಲಿ ನೂರಾರು ಜನರನ್ನು ಕೊಂದು ಹಾಕಿದರು. ಹಲವರನ್ನು ನೀರಿನ ಕಾಲುವೆಗೆ ಇಳಿಸಿ ಗುಂಡಿಟ್ಟರು. ಅಲ್ಲಿನ ಸ್ಮಾರಕದ ಲೆಕ್ಕ 504, ಅಮೆರಿಕನ್ ಸೇನೆಯ ಲೆಕ್ಕ 347.

ಮೇಲೆ ಸಣ್ಣ ಹೆಲಿಕಾಪ್ಟರೊಂದರಲ್ಲಿ ಹಾರುತ್ತಿದ್ದವನು ಹ್ಯೂ ಥಾಂಪ್ಸನ್. ವಯಸ್ಸು 24; ಕೆಳಗೆ ಕೊಲ್ಲಿಸುತ್ತಿದ್ದ ಕ್ಯಾಲಿಗೂ ಅಷ್ಟೇ ವಯಸ್ಸು. ಗಾಯಗೊಂಡ ಹಳ್ಳಿಗರಿಗೆ ಔಷಧ ಸಿಗಲೆಂದು ಅವನು ಹಸಿರು ಹೊಗೆಯ ಡಬ್ಬಿ ಎಸೆದು ಗುರುತು ಮಾಡಿದ. ಮತ್ತೆ ಸುತ್ತು ಹಾಕಿ ಬಂದಾಗ ಗುರುತು ಮಾಡಿದವರೇ ಹೆಣವಾಗಿದ್ದರು. ಬಂಕರೊಂದರಲ್ಲಿ ಅವಿತಿದ್ದ ಹಳ್ಳಿಗರತ್ತ ಸೈನಿಕರು ಹೋಗುತ್ತಿರುವುದನ್ನು ಕಂಡು ಎರಡರ ನಡುವೆ ಹೆಲಿಕಾಪ್ಟರ್ ಇಳಿಸಿದ. ‘ಇವರು ಆ ಜನರ ಮೇಲೆ ಗುಂಡು ಹಾರಿಸಿದರೆ ನೀವು ಇವರ ಮೇಲೆ ಹಾರಿಸಿ’ ಎಂದು ತನ್ನ ಇಬ್ಬರು ಜೊತೆಗಾರರಾದ ಲಾರೆನ್ಸ್ ಕೋಲ್‌ಬರ್ನ್ ಮತ್ತು ಗ್ಲೆನ್ ಆಂಡ್ರಿಯೊಟ್ಟಾಗೆ ಹೇಳಿ, ಕೆಳಗಿಳಿದು, ಆ ಜನರನ್ನು ಕೈಬೀಸಿ ಕರೆದು, ಬೇರೆ ಹೆಲಿಕಾಪ್ಟರ್ ತರಿಸಿ ಸಾಗಿಸಿದ. ಹೊರಡುವಾಗ ಕಾಲುವೆಯ ಹೆಣಗಳ ನಡುವೆ ಏನೋ ಅಲುಗಾಡಿದಂತೆ ಕಂಡಿತು. ಆಂಡ್ರಿಯೊಟ್ಟಾ ಇಳಿದು, ಹೆಣಗಳನ್ನು ದಾಟಿಕೊಂಡು ಹೋಗಿ, ಜೀವಂತವಿದ್ದ ಒಂದು ಮಗುವನ್ನು ಎತ್ತಿ ತಂದ. ಮೂರು ವಾರಗಳಲ್ಲಿ ಅವನೂ ಯುದ್ಧದಲ್ಲಿ ಸತ್ತ.

ಥಾಂಪ್ಸನ್ ಅಂದೇ ಮೇಲಧಿಕಾರಿಗಳಿಗೆ ದೂರು ಕೊಟ್ಟ. ಸೇನೆ ಅದನ್ನು ಮುಚ್ಚಿಹಾಕಿ, ಅವನಿಗೊಂದು ಪದಕ ಕೊಟ್ಟು ಸುಮ್ಮನಾಗಿಸಲು ನೋಡಿತು. ಪದಕದ ಪತ್ರದಲ್ಲಿ ಬರೆದದ್ದು ಸುಳ್ಳೆಂದು ಅವನು ಅದನ್ನು ಎಸೆದುಬಿಟ್ಟ. ಒಂದು ವರ್ಷ ಕಳೆದ ಮೇಲೆ, ಈ ಸಂಗತಿಯನ್ನು ಗೆಳೆಯರ ಬಾಯಿಂದ ಕೇಳಿ ತಿಳಿದಿದ್ದ ರಾನ್ ರೈಡನ್‌ಅವರ್ ಎಂಬ ಮಾಜಿ ಸೈನಿಕ ಸುಮಾರು ಮೂವತ್ತು ಮಂದಿ ಸಂಸದರಿಗೆ, ಅಧಿಕಾರಿಗಳಿಗೆ ಪತ್ರ ಬರೆದ. ಆಮೇಲೆ ತನಿಖೆ ಶುರುವಾಯಿತು. ಪತ್ರಕರ್ತ ಸೀಮೋರ್ ಹರ್ಷ್ ಕ್ಯಾಲಿಯನ್ನು ಹುಡುಕಿ ಮಾತಾಡಿಸಿದರು. ಲೈಫ್, ಲುಕ್ ಎಂಬ ದೊಡ್ಡ ಪತ್ರಿಕೆಗಳು ವರದಿ ಬೇಡವೆಂದವು. 1969ರ ನವೆಂಬರ್‌ನಲ್ಲಿ ಸಣ್ಣದೊಂದು ಸುದ್ದಿಸಂಸ್ಥೆಯ ಮೂಲಕ ಅದು ಹೊರಬಂತು. ಆ ದಿನ ಹಳ್ಳಿಯಲ್ಲಿದ್ದ ಸೇನಾ ಛಾಯಾಗ್ರಾಹಕ ರೊನಾಲ್ಡ್ ಹೇಬರ್ಲಿಯ ಕೊರಳಲ್ಲಿ ಸೇನೆಯ ಕಪ್ಪುಬಿಳುಪು ಕ್ಯಾಮೆರಾದ ಜೊತೆ ಸ್ವಂತದ್ದೊಂದು ಕಲರ್ ಕ್ಯಾಮೆರಾ ಇತ್ತು. ಕಪ್ಪುಬಿಳುಪಿನ ರೀಲನ್ನು ಸೇನೆಗೆ ಒಪ್ಪಿಸಿ ಬಣ್ಣದ್ದನ್ನು ಉಳಿಸಿಕೊಂಡಿದ್ದ. ಆ ಚಿತ್ರಗಳು ಬಾರದಿದ್ದರೆ ಇಡೀ ಸಂಗತಿ ಅಲ್ಲಗಳೆದ ಗಾಳಿಸುದ್ದಿಯಾಗಿ ಹೋಗುತ್ತಿತ್ತು.

ಸತ್ಯ ಹೊರಬಂದ ಮೇಲೆ ಅಮೆರಿಕದ ಜನ ಯಾರ ಮೇಲೆ ಸಿಟ್ಟಾದರು? ಬಹುಪಾಲು, ಸತ್ಯ ಹೇಳಿದವರ ಮೇಲೆ. ಕ್ಯಾಲಿಗೆ ಶಿಕ್ಷೆಯಾದಾಗ ಸಮೀಕ್ಷೆಯೊಂದರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ತೀರ್ಪನ್ನು ಒಪ್ಪಲಿಲ್ಲ. ಅವನನ್ನು ಹೊಗಳುವ ಹಾಡಿನ ರೆಕಾರ್ಡು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇಂಡಿಯಾನಾದ ರಿಪಬ್ಲಿಕನ್ ಗವರ್ನರ್ ಸರ್ಕಾರಿ ಧ್ವಜಗಳನ್ನು ಅರ್ಧಕ್ಕೆ ಇಳಿಸಿದರು. ಜಾರ್ಜಿಯಾದ ಡೆಮಾಕ್ರಾಟ್ ಗವರ್ನರ್ ಒಬ್ಬರು ಅಮೆರಿಕನ್ ಯೋಧರ ದಿನ ಘೋಷಿಸಿ, ಬೆಂಬಲ ತೋರಿಸಲು ಹಗಲಲ್ಲೂ ಕಾರಿನ ದೀಪ ಹಚ್ಚಿಕೊಂಡು ಓಡಾಡಿ ಎಂದರು. ಅವರ ಹೆಸರು ಜಿಮ್ಮಿ ಕಾರ್ಟರ್. ಮುಂದೆ ಇದೇ ಕಾರ್ಟರ್ ಅಧ್ಯಕ್ಷರಾಗಿ ಲೋಕಕ್ಕೆಲ್ಲ ಮಾನವ ಹಕ್ಕಿನ ಮಾತು ಹೇಳಿದರು. ಥಾಂಪ್ಸನ್‌ಗೆ ಕೊಲೆ ಬೆದರಿಕೆಗಳು ಬಂದವು, ಮನೆಯ ಜಗಲಿಯ ಮೇಲೆ ಸತ್ತ ಪ್ರಾಣಿಗಳನ್ನು ಎಸೆದು ಹೋದರು. ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷ, ಡೆಮಾಕ್ರಾಟ್ ಪಕ್ಷದ ಮೆಂಡೆಲ್ ರಿವರ್ಸ್, ಮಿ ಲಾಯ್ ಪ್ರಕರಣದಲ್ಲಿ ಶಿಕ್ಷೆಯಾಗಬೇಕಾದವನು ಯಾರಾದರೂ ಇದ್ದರೆ ಸ್ವಂತ ಸೈನಿಕರತ್ತ ಬಂದೂಕು ತಿರುಗಿಸಿದ ಈ ಪೈಲಟ್ ಒಬ್ಬನೇ ಎಂದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಿ ಲಾಯ್ ನಡೆದದ್ದು ಡೆಮಾಕ್ರಾಟ್ ಅಧ್ಯಕ್ಷ ಜಾನ್ಸನ್ ಕಾಲದಲ್ಲಿ. ರಿಪಬ್ಲಿಕನ್ ನಿಕ್ಸನ್ ಬೇಕೆಂದಿದ್ದರೆ ಹಿಂದಿನವರ ಪಾಪವೆಂದು ಕೈತೊಳೆದುಕೊಳ್ಳಬಹುದಿತ್ತು. ತೊಳೆದುಕೊಳ್ಳಲಿಲ್ಲ, ಏಕೆಂದರೆ ಆ ಹೊತ್ತಿಗೆ ಯುದ್ಧ ಅವರದಾಗಿತ್ತು. ಪಕ್ಷಪಾತ ಎಂದರೆ ಪಕ್ಷದ ಚಿಹ್ನೆಯ ಮೇಲಿನ ಪ್ರೀತಿಯಷ್ಟೇ ಅಲ್ಲ. ‘ನಮ್ಮ ಕಡೆ’ ಎಂದು ಮನಸ್ಸು ಎಲ್ಲಿ ಗೆರೆ ಎಳೆದುಕೊಂಡಿದೆಯೋ ಅದರ ಮೇಲಿನ ಮೋಹ. ಯುದ್ಧವನ್ನು ವಿರೋಧಿಸುತ್ತಿದ್ದವರಲ್ಲೂ ಅನೇಕರು ಕ್ಯಾಲಿಯ ಪರ ನಿಂತರು: ದೊಡ್ಡವರನ್ನು ಬಿಟ್ಟು ಚಿಕ್ಕವನನ್ನು ಬಲಿ ಕೊಟ್ಟಿದ್ದಾರೆ ಎಂಬುದು ಅವರ ವಾದ. ದೊಡ್ಡವರು ತಪ್ಪಿಸಿಕೊಂಡದ್ದು ನಿಜ. ಆದರೆ ಎರಡೂ ಗುಂಪಿನ ವಾದಗಳಲ್ಲಿ ಕಾಲುವೆಯಲ್ಲಿ ಸತ್ತವರಿಗೆ ಜಾಗವೇ ಇರಲಿಲ್ಲ.

1969ರ ಡಿಸೆಂಬರ್ 1ರಂದು ನಿಕ್ಸನ್ ಜೊತೆಗಿನ ಸಭೆಯಲ್ಲಿ ಅವರ ಆಪ್ತ ಎಚ್.ಆರ್. ಹಾಲ್ಡಮನ್ ಕೈಯಾರೆ ಬರೆದುಕೊಂಡ ಟಿಪ್ಪಣಿಗಳು ಈಗ ನಿಕ್ಸನ್ ಗ್ರಂಥಾಲಯದಲ್ಲಿವೆ. ಮಿ ಲಾಯ್ ಸುದ್ದಿಯನ್ನು ಎದುರಿಸಲು ಮಾಡಬೇಕಾದ ಕೆಲಸಗಳ ಪಟ್ಟಿ ಅದು: ಒಬ್ಬ ಸಾಕ್ಷಿಯ ಮಾನ ಕಳೆಯಬೇಕು, ಕೊಳಕು ತಂತ್ರಗಳನ್ನು ಬಳಸಬೇಕು, ವಿಯೆಟ್ನಾಂನ ಹ್ಯೂ ನಗರದ ಸಂಗತಿಗಳನ್ನು ಹೊರತರಬೇಕು. ಹ್ಯೂನಲ್ಲಿ 1968ರ ಆರಂಭದಲ್ಲಿ ಕಮ್ಯುನಿಸ್ಟ್ ಪಡೆಗಳು ಸುಮಾರು ನಾಲ್ಕು ವಾರ ನಗರವನ್ನು ಹಿಡಿದಿದ್ದವು. ಆಮೇಲೆ ಸಾಮೂಹಿಕ ಗುಂಡಿಗಳಲ್ಲಿ ಸುಮಾರು 2,800 ಹೆಣಗಳು ಸಿಕ್ಕವು; ಅನೇಕರ ಕೈಗಳನ್ನು ಹಿಂದಕ್ಕೆ ಕಟ್ಟಲಾಗಿತ್ತು. ಅದೂ ಘೋರ ಅಪರಾಧವೇ. ಆದರೆ ಶ್ವೇತಭವನಕ್ಕೆ ಆ ಹೆಣಗಳು ನೆನಪಾದದ್ದು ಮಿ ಲಾಯ್ ಹೆಣಗಳನ್ನು ಮುಚ್ಚಲು. ಇತ್ತ ಯುದ್ಧವಿರೋಧಿಗಳಲ್ಲಿ ಹಲವರು ಹ್ಯೂ ಸುದ್ದಿಯನ್ನು ಅಮೆರಿಕನ್ ಪ್ರಚಾರವೆಂದು ತಳ್ಳಿಹಾಕಿದರು. ಕ್ವಾಂಗ್ ನ್ಗಾಯ್‌ನ ತಾಯಿಯ ಬಗ್ಗೆ ಮರುಗಿದವರಿಗೆ ಹ್ಯೂನ ತಾಯಿ ಕಾಣಲಿಲ್ಲ.

ಇದನ್ನೆಲ್ಲ ಅಮೆರಿಕದ ಕತೆಯೆಂದು ದೂರದಿಂದ ಓದಿಬಿಡುವುದು ಸುಲಭ. ಆದ್ದರಿಂದಲೇ ಢಾಕಾಗೆ ಮತ್ತೆ ಬರಬೇಕು.

1971ರ ಡಿಸೆಂಬರ್ 16ರಂದು ಪಾಕಿಸ್ತಾನಿ ಸೇನೆ ಶರಣಾಯಿತು. ಎರಡೇ ದಿನಕ್ಕೆ, ಢಾಕಾದ ಪಲ್ಟನ್ ಮೈದಾನದಲ್ಲಿ ಸಾವಿರಾರು ಜನರೆದುರು ಬಂಗಾಳಿಗಳ ಸ್ವಾತಂತ್ರ್ಯ ಪಡೆಯಾದ ಮುಕ್ತಿವಾಹಿನಿಯ ಹೋರಾಟಗಾರರು ಕೈಕಾಲು ಕಟ್ಟಿದ್ದ ಸೆರೆಯಾಳುಗಳನ್ನು ಬಯೊನೆಟ್‌ನಿಂದ ಇರಿದು ಕೊಂದರು. ಹಾರ್ಸ್ಟ್ ಫಾಸ್ ಮತ್ತು ಮಿಶೆಲ್ ಲಾರೆಂಟ್ ಎಂಬ ಇಬ್ಬರು ಛಾಯಾಗ್ರಾಹಕರು ತೆಗೆದ ಆ ಚಿತ್ರಗಳಿಗೆ 1972ರ ಪುಲಿಟ್ಜರ್ ಪ್ರಶಸ್ತಿ ಬಂತು. ಮುಕ್ತಿವಾಹಿನಿ ಭಾರತದ ಮಿತ್ರಪಡೆ. ಶರಣಾಗತಿ ಪತ್ರಕ್ಕೆ ಸಹಿ ಹಾಕುವ ಚಿತ್ರವನ್ನು ಇಲ್ಲಿ ಎಳೆಯ ಮಕ್ಕಳೂ ಗುರುತಿಸುತ್ತಾರೆ. ಪಲ್ಟನ್ ಮೈದಾನದ ಚಿತ್ರವನ್ನು ಕಂಡ ದೊಡ್ಡವರೂ ಕಡಿಮೆ. ಪಾಕಿಸ್ತಾನಿ ಸೇನೆ ಮತ್ತು ಅದಕ್ಕೆ ನೆರವಾದ ರಜಾಕಾರ ಪಡೆಯವರು ಒಂಬತ್ತು ತಿಂಗಳು ಮಾಡಿದ್ದರ ಅಗಾಧತೆಯ ಎದುರು ಈ ಕೊಲೆಗಳಾಗಲಿ ಬಿಹಾರಿಗಳ ಹತ್ಯೆಯಾಗಲಿ ಸಮ ತೂಗುವುದಿಲ್ಲ, ತೂಗಿಸಲೂ ಬಾರದು. ಒಂದು ಕೋಟಿಯಷ್ಟು ಜನ ಗಡಿ ದಾಟಿ ಬಂದದ್ದು ಸುಮ್ಮನೆ ಅಲ್ಲ. ಆದರೆ ಕಡಿಮೆ ಸಂಖ್ಯೆ ಎಂಬ ಕಾರಣಕ್ಕೆ ಸತ್ತವರನ್ನು ಲೆಕ್ಕದಿಂದಲೇ ಬಿಡುವುದು ಬೇರೆ ಮಾತು, ಅದು ಅನ್ಯಾಯ.

ಪಾಕಿಸ್ತಾನವಂತೂ ತನ್ನದೇ ತನಿಖೆಯನ್ನು ಬೀಗ ಹಾಕಿಟ್ಟಿತು. ಮುಖ್ಯ ನ್ಯಾಯಮೂರ್ತಿ ಹಮೂದುರ್ ರೆಹಮಾನ್ ನೇತೃತ್ವದ ಆಯೋಗ ಸೋಲಿನ ಕಾರಣಗಳ ಜೊತೆಗೆ ಸೇನೆಯ ದೌರ್ಜನ್ಯಗಳ ಬಗ್ಗೆಯೂ ವಿಚಾರಿಸಿ, ಹಿರಿಯ ಅಧಿಕಾರಿಗಳ ವಿಚಾರಣೆಗೆ ಶಿಫಾರಸು ಮಾಡಿತ್ತು. ಭಾರತದ ವಾರಪತ್ರಿಕೆಯೊಂದು ಅದರ ಭಾಗಗಳನ್ನು ಪ್ರಕಟಿಸಿದ ಮೇಲೆ, 2000ದ ಕೊನೆಗೆ, ಪಾಕಿಸ್ತಾನ ವರದಿಯನ್ನು ಬಿಡುಗಡೆ ಮಾಡಿತು. ವಿಚಾರಣೆ ಯಾರಿಗೂ ಆಗಲಿಲ್ಲ. ಇದರಲ್ಲಿ ಭಾರತದ ಪಾಲೂ ಇದೆ. ಯುದ್ಧಾಪರಾಧಕ್ಕೆ ಗುರುತಿಸಲಾಗಿದ್ದ 195 ಮಂದಿ ಪಾಕಿಸ್ತಾನಿ ಸೆರೆಯಾಳುಗಳನ್ನು ವಿಚಾರಣೆ ಇಲ್ಲದೆ ಕಳಿಸಿಕೊಡುವ ಒಪ್ಪಂದಕ್ಕೆ 1974ರ ಏಪ್ರಿಲ್‌ನಲ್ಲಿ ಸಹಿ ಬಿದ್ದದ್ದು ದೆಹಲಿಯಲ್ಲಿ, ಮೂರೂ ದೇಶಗಳ ಕೈಯಿಂದ. ಮಸ್ಕರೇನಸ್ ಮನೆಮಠ ಬಿಟ್ಟು ಬಯಲಿಗೆಳೆದ ಕೊಲೆಗಾರರು ಹೀಗೆ ಮನೆ ಸೇರಿದರು.

ಬಾಂಗ್ಲಾದೇಶದಲ್ಲಿ 1971 ಇವತ್ತಿಗೂ ಪಕ್ಷಗಳ ಅಸ್ತ್ರ. ಸತ್ತವರು 30 ಲಕ್ಷ ಎಂಬ ಅಧಿಕೃತ ಸಂಖ್ಯೆಯನ್ನು ಪ್ರಶ್ನಿಸಿದ ಪತ್ರಕರ್ತ ಡೇವಿಡ್ ಬರ್ಗ್‌ಮನ್‌ಗೆ 2014ರಲ್ಲಿ ಅಲ್ಲಿನ ಯುದ್ಧಾಪರಾಧ ನ್ಯಾಯಮಂಡಳಿ ನ್ಯಾಯಾಂಗ ನಿಂದನೆಯ ಅಪರಾಧಕ್ಕೆ ದಂಡ ಹಾಕಿತು. ಸತ್ತವರನ್ನು ಎಣಿಸುವುದೇ ಅವರಿಗೆ ಅಗೌರವ ಎನ್ನುವ ಮಟ್ಟಕ್ಕೆ ರಾಜಕೀಯ ಬಂದಿತ್ತು.

ಇಷ್ಟಕ್ಕೂ ಎದುರು ಮಾತು ಇಲ್ಲವೇ? ಇದೆ, ಮತ್ತು ಅದು ಹಗುರವಾದದ್ದಲ್ಲ. ಯುದ್ಧ ನಡೆಯುತ್ತಿರುವಾಗ ಸ್ವಂತ ಸೇನೆಯ ತಪ್ಪನ್ನು ಬಯಲು ಮಾಡಿದರೆ ಶತ್ರುವಿಗೆ ಅನುಕೂಲವಾಗುತ್ತದೆ ಎಂಬುದು ನಿಜ. ಮಸ್ಕರೇನಸ್ ವರದಿಯಿಂದ ಭಾರತಕ್ಕೆ ಅನುಕೂಲವಾಯಿತು, ಇದನ್ನು ಇಂದಿರಾ ಗಾಂಧಿಯೇ ಒಪ್ಪಿದ್ದರು. ಆದರೆ ಆ ಅನುಕೂಲವನ್ನು ಭಾರತದ ಕೈಗೆ ಕೊಟ್ಟವರು ವರದಿಗಾರನಲ್ಲ, ಕೊಮಿಲ್ಲಾದಲ್ಲಿ ಗುಂಡು ಹಾರಿಸಿದವರು. ಇನ್ನೊಂದು ಮಾತು ಸುಳ್ಳು ಆರೋಪಗಳದ್ದು. 1990ರ ಅಕ್ಟೋಬರ್‌ನಲ್ಲಿ ಹದಿನೈದರ ಹುಡುಗಿಯೊಬ್ಬಳು ಅಮೆರಿಕನ್ ಸಂಸದರೆದುರು ಅಳುತ್ತ, ಇರಾಕಿ ಸೈನಿಕರು ಕುವೈತ್‌ನ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದಳು. ಅಧ್ಯಕ್ಷ ಬುಷ್ ಅದನ್ನು ಮತ್ತೆ ಮತ್ತೆ ಹೇಳಿದರು. ಕೊಲ್ಲಿ ಯುದ್ಧ ಮುಗಿದ ಮೇಲೆ, ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂದೂ, ಆ ಕತೆಗೆ ಆಧಾರವಿಲ್ಲವೆಂದೂ ಹೊರಬಂತು. ಹಾಗಾಗಿ ಪರೀಕ್ಷೆ ಬೇಕು. ಆದರೆ ಪರೀಕ್ಷೆಯ ತಕ್ಕಡಿ ಎರಡೂ ಕಡೆಗೆ ಒಂದೇ ಆಗಿರಬೇಕು. ಶತ್ರುವಿನ ಮೇಲಿನ ಆರೋಪವನ್ನು ಕಣ್ಮುಚ್ಚಿ ನಂಬಿ, ತಮ್ಮವರ ಮೇಲಿನ ಆರೋಪಕ್ಕೆ ಮಾತ್ರ ನೂರೆಂಟು ಸಾಕ್ಷಿ ಕೇಳುವುದು ಪರೀಕ್ಷೆಯಲ್ಲ.

ಕಾಲ ಬದಲಾದರೂ ಚಾಳಿ ಬದಲಾಗಿಲ್ಲ. 2004ರಲ್ಲಿ ಇರಾಕಿನ ಅಬು ಘ್ರೈಬ್ ಜೈಲಿನ ಚಿತ್ರಹಿಂಸೆಯ ಫೋಟೊಗಳನ್ನು ತನಿಖಾಧಿಕಾರಿಗಳಿಗೆ ಒಪ್ಪಿಸಿದ ಸೈನಿಕ ಜೋ ಡಾರ್ಬಿ ತನ್ನ ಊರಿಗೇ ಮರಳಿ ಹೋಗಿ ಬಾಳಲಾಗಲಿಲ್ಲ. ಅಫ್ಘಾನಿಸ್ತಾನದಲ್ಲಿ ಆಸ್ಟ್ರೇಲಿಯಾದ ವಿಶೇಷ ಪಡೆಗಳು 39 ಮಂದಿಯನ್ನು ಕಾನೂನುಬಾಹಿರವಾಗಿ ಕೊಂದಿರುವ ಬಗ್ಗೆ ನಂಬಲರ್ಹ ಮಾಹಿತಿ ಇದೆ ಎಂದು 2020ರಲ್ಲಿ ಅಲ್ಲಿನ ಅಧಿಕೃತ ತನಿಖೆಯೇ ಹೇಳಿತು. ಆ ಯುದ್ಧದ ರಹಸ್ಯ ಕಡತಗಳನ್ನು ಪತ್ರಕರ್ತರಿಗೆ ಕೊಟ್ಟ ಸೇನಾ ವಕೀಲ ಡೇವಿಡ್ ಮೆಕ್‌ಬ್ರೈಡ್‌ಗೆ 2024ರಲ್ಲಿ ಐದು ವರ್ಷ ಎಂಟು ತಿಂಗಳ ಜೈಲಾಯಿತು. ಆ ಹೊತ್ತಿಗೆ ಕೊಂದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಿರಲಿಲ್ಲ.

ಆದರೂ ಗೆರೆ ದಾಟಿದವರು ಎಲ್ಲ ಕಾಲದಲ್ಲೂ ಇದ್ದಾರೆ. ಕ್ಯಾಲಿಯನ್ನು ಅಪರಾಧಿ ಎಂದ ಆರು ಮಂದಿ ಸೇನಾಧಿಕಾರಿಗಳಲ್ಲಿ ಐವರು ವಿಯೆಟ್ನಾಂನಲ್ಲಿ ಕಾದಾಡಿ ಬಂದವರೇ. ಅವನ ವಿರುದ್ಧ ಸರ್ಕಾರದ ಪರ ವಾದಿಸಿದ ಯುವ ಕ್ಯಾಪ್ಟನ್ ಆಬ್ರಿ ಡೇನಿಯಲ್, ನ್ಯಾಯಾಲಯದ ತೀರ್ಪಿನಲ್ಲಿ ಕೈ ಹಾಕಿದ್ದು ತಪ್ಪೆಂದು ನೇರವಾಗಿ ಅಧ್ಯಕ್ಷರಿಗೇ ಪತ್ರ ಬರೆದರು. ಯುದ್ಧ ಕಂಡವರಿಗೆ ಹಳ್ಳಿಗರನ್ನು ಕೊಲ್ಲುವುದು ಯುದ್ಧವಲ್ಲವೆಂದು ಗೊತ್ತಿತ್ತು. ಅದು ಗೊತ್ತಾಗದೆ ಹೋದದ್ದು ಮನೆಯಲ್ಲಿ ಕೂತು ರೆಕಾರ್ಡು ಹಾಕಿಕೊಂಡವರಿಗೆ. ಕ್ಯಾಲಿ ಅನುಭವಿಸಿದ್ದು ಬಹುತೇಕ ಮನೆಯಲ್ಲೇ ಕಳೆದ ಮೂರೂವರೆ ವರ್ಷಗಳ ಶಿಕ್ಷೆ. ಥಾಂಪ್ಸನ್‌ಗೆ ಸರಿಯಾದ ಪದಕ ಸಿಕ್ಕಿದ್ದು 1998ರಲ್ಲಿ, ಮೂವತ್ತು ವರ್ಷ ತಡವಾಗಿ, ಅದೂ ಒಬ್ಬ ಪ್ರಾಧ್ಯಾಪಕರು ವರ್ಷಗಟ್ಟಲೆ ಪತ್ರ ಬರೆದು ಬೆನ್ನು ಹತ್ತಿದ ಮೇಲೆ.

ಮಸ್ಕರೇನಸ್ 1986ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅದೇ ವರ್ಷ ಬಂದ ಅವರ ಕೊನೆಯ ಪುಸ್ತಕ, ತಾವು ಯಾರಿಗಾಗಿ ದೇಶ ಬಿಟ್ಟರೋ ಆ ಬಾಂಗ್ಲಾದೇಶದ ಆಳುವವರ ರಕ್ತಪಾತವನ್ನು ಕುರಿತದ್ದು. ಅಲ್ಲೂ ಅವರು ಕಡೆ ನೋಡಲಿಲ್ಲ. ಪ್ರತಿ ಡಿಸೆಂಬರ್ 16ರಂದು ಕನ್ನಡದ ಪತ್ರಿಕೆಗಳು ವಿಜಯ ದಿವಸದ ಬಗ್ಗೆ ಬರೆಯುತ್ತವೆ, ಶಾಲೆಗಳಲ್ಲಿ ಮೇಷ್ಟ್ರುಗಳು ಮಾತಾಡುತ್ತಾರೆ. ಈ ಸಲ ಬೆಳಗಾವಿಯಲ್ಲಿ ಹುಟ್ಟಿದ ಈ ಪತ್ರಕರ್ತನ ವರದಿಯನ್ನು ಕನ್ನಡಕ್ಕೆ ತಂದು ಮಕ್ಕಳಿಗೆ ಓದಿಸಲಿ. ಪೂರ್ತಿಯಾಗಿ ಓದಿಸಲಿ, ಬಿಹಾರಿಗಳ ಸಾವಿನ ಸಾಲುಗಳನ್ನು ಬಿಡದೆ.